ದರ ಕೇಳಿದ್ದಕ್ಕೆ ನಾನು ‘ಲೀಡ್’ ಆದೆ!

ಅಮ್ಮನ ಮಂಡಿ ಆಪರೇಶನ್ನಿಗೆ ಎಷ್ಟಾಗುತ್ತೋ ಅಂತ ಮೊನ್ನೆ ರಾತ್ರಿ ಒಂದು ಆಸ್ಪತ್ರೆಯ ಸೈಟಿನಲ್ಲಿ ಹುಡುಕ್ತಿದ್ದೆ. ದರ ಬೇಕಾದ್ರೆ ಹೆಸರು, ಫೋನ್ ನಂಬರು, ಈಮೇಲ್ ಕೊಡಿ ಅಂತು. ಕೊಟ್ಟೆ. ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೇ ಫೋನು: “ಸಾರ್, ಆಪರೇಶನ್ ಯಾವಾಗ ಮಾಡಿಸ್ತೀರಾ?”

ಇದರಲ್ಲಿ ಮಾಯಮಂತ್ರ ಏನಿಲ್ಲ. 2006ರಲ್ಲಿ ಶುರುವಾದ ಹಬ್‌ಸ್ಪಾಟ್, ಮಾರ್ಕೆಟೊದಂಥ ತಂತ್ರಾಂಶಗಳು ಮಾಡೋದೇ ಈ ಕೆಲಸ. ಮೊದಲ ಸಲ ಸೈಟಿಗೆ ಹೋದಾಗ ಬ್ರೌಸರಿನಲ್ಲಿ ಒಂದು ಕುಕಿ ಕೂರುತ್ತೆ. ಆಗ ನೀವು ಬರೀ ಒಂದು ಸಂಖ್ಯೆ. ಫಾರ್ಮ್ ತುಂಬಿದ ಕ್ಷಣ ಹಳೇ ಓಡಾಟವೆಲ್ಲ ನಿಮ್ಮ ಹೆಸರಿಗೆ ಜಮಾ! ಆಮೇಲೆ ಬರುವ ಈಮೇಲಿನಲ್ಲಿ ಕಣ್ಣಿಗೆ ಕಾಣದ ಒಂದು ಪಿಕ್ಸೆಲ್ ಚಿತ್ರ. ತೆರೆದ್ರೆ ಅಲ್ಲಿಗೆ ಸುದ್ದಿ. (2021ರಿಂದ ಆಪಲ್‌ನ ಮೇಲ್ ಇದಕ್ಕೆ ಅಡ್ಡಗಾಲು ಹಾಕಿದೆ, ಪುಣ್ಯ.) ಈಮೇಲ್ ತೆರೆದರೆ ಇಷ್ಟು ಅಂಕ, ದರದ ಪುಟ ನೋಡಿದರೆ ಇನ್ನಷ್ಟು. ಮೊತ್ತ ಗೆರೆ ದಾಟಿದರೆ ಮಾರುವವರ ಕೈಗೆ ನಿಮ್ಮ ನಂಬರು.

ನಮ್ಮ ಬೀದಿಯ ಅಂಗಡಿಯವರೂ ಗಿರಾಕಿಯನ್ನು ಗಮನಿಸ್ತಾರೆ, ನಿಜ. ಆದ್ರೆ ಎದುರಿಗೇ. ಮುಖ ಬಾಡಿದ್ದರೆ ಅವರಿಗೆ ಗೊತ್ತಾಗುತ್ತೆ. ನಾನು ದರದ ಪುಟವನ್ನು ಐದು ಸಲ ನೋಡಿದ್ದು ಉತ್ಸಾಹದಿಂದಲ್ಲ, ದುಡ್ಡು ಹೊಂದಿಸೋದು ಹೇಗೆ ಅನ್ನೋ ಚಿಂತೆಯಿಂದ. ಯಂತ್ರ ಆ ಚಿಂತೆಗೂ ಅಂಕ ಕೊಡ್ತು!

2023ರ ದತ್ತಾಂಶ ರಕ್ಷಣೆ ಕಾಯ್ದೆ ಸ್ಪಷ್ಟ ಒಪ್ಪಿಗೆ ಬೇಕು ಅನ್ನುತ್ತೆ. ನನ್ನ ಆಸೆ ಇನ್ನೂ ಚಿಕ್ಕದು: ಕಾಯಿಲೆಯ ವಿಷಯದಲ್ಲಾದರೂ ದರವನ್ನು ಫಾರ್ಮಿನ ಹಿಂದೆ ಬಚ್ಚಿಡಬೇಡಿ.

ನೀವೇನಂತೀರಿ? ಇರಿ, ಮತ್ತೆ ಫೋನು ಬಂತು...