ಬೇಡ ಎನ್ನದಿದ್ದರೆ ಬೇಕು ಎಂದರ್ಥವೇ?

ಬೆಳಿಗ್ಗೆ ಹಾಲು ಹಾಕುವವನು ನಾವು ಹೇಳಿದ ಅರ್ಧ ಲೀಟರಿನ ಜೊತೆಗೆ ದಿನವೂ ಕಾಲು ಲೀಟರು ಹೆಚ್ಚು ಸುರಿದು ಹೋಗುತ್ತಾನೆ ಎನ್ನಿ. ತಿಂಗಳ ಕೊನೆಗೆ ಲೆಕ್ಕ ಕೇಳಿದರೆ, 'ನೀವು ಬೇಡ ಅನ್ನಲಿಲ್ಲವಲ್ಲ' ಎಂದುಬಿಟ್ಟರೆ? ಮರುದಿನವೇ ಅವನ ವರ್ತನೆ ಬಿಡಿಸುತ್ತೇವೆ. ಬೀದಿಯಲ್ಲೆಲ್ಲ ಅವನ ಹೆಸರು ಕೆಡುತ್ತದೆ. ಇದೇ ಕೆಲಸವನ್ನು ಫೋನ್ ಕಂಪನಿ ಮಾಡಿದರೆ ಮಾತ್ರ ನಾವು ಅದನ್ನು 'ಪ್ಯಾಕೇಜ್' ಎಂದು ಕರೆದು ಸುಮ್ಮನೆ ಹಣ ಕಟ್ಟುತ್ತೇವೆ.

ನಮ್ಮ ಮನೆಯಲ್ಲಿ ಲ್ಯಾಂಡ್‌ಲೈನ್ ಉಳಿದಿರುವುದು ಅಮ್ಮಿಗಾಗಿ. ಊರೂರುಗಳಲ್ಲಿರುವ ಬಂಧುಗಳಿಗೆ ಬಾಯಿಪಾಠವಾಗಿರುವುದು ಆ ನಂಬರೊಂದೇ. ಅದನ್ನು ಉಳಿಸಿಕೊಳ್ಳಲೆಂದೇ ಫೋನು ಮತ್ತು ಇಂಟರ್‌ನೆಟ್ ಸೇರಿದ ಪ್ಯಾಕೇಜೊಂದನ್ನು ಅಮ್ಮಿಯ ಹೆಸರಿನಲ್ಲಿ ಹಾಕಿಸಿದೆವು. ಎಂಟು ತಿಂಗಳ ನಂತರ ಒಂದು ದಿನ ಬಿಲ್ಲನ್ನು ಸಾವಧಾನವಾಗಿ ಓದಿದಾಗ 99 ರೂಪಾಯಿಯ ಒಂದು ಸಾಲು ಕಣ್ಣಿಗೆ ಬಿತ್ತು. ಅದೇನೋ ಸುರಕ್ಷತಾ ಸೇವೆಯಂತೆ. ನಾವು ಕೇಳಿರಲಿಲ್ಲ, ಬಳಸಿಯೂ ಇರಲಿಲ್ಲ. ಫೋನ್ ಮಾಡಿದರೆ ಆ ಕಡೆಯ ಹುಡುಗಿ ವಿನಯದಿಂದಲೇ ಹೇಳಿದಳು: 'ಸರ್, ಮೊದಲ ತಿಂಗಳು ಫ್ರೀ ಇತ್ತು. ಬೇಡವಾದರೆ ಮೆಸೇಜ್ ಮಾಡಿ ಅಂತ ಕಳಿಸಿದ್ದೆವು. ನೀವು ಮಾಡಿಲ್ಲ.'

ಆ ಮೆಸೇಜು ಹೋಗಿದ್ದು ಅಮ್ಮಿಯ ಮೊಬೈಲಿಗೆ, ಇಂಗ್ಲಿಷಿನಲ್ಲಿ. ಅಮ್ಮಿಗೆ ಓದಲು ಬರುವುದು ಉರ್ದು ಮಾತ್ರ. ಮೊದಲ ತಿಂಗಳು ಬಿಟ್ಟು ಏಳು ತಿಂಗಳಿಗೆ 693 ರೂಪಾಯಿ ಹೋಗಿತ್ತು. ಸೇವೆ ನಿಲ್ಲಿಸಿದರು, ಕೊಟ್ಟ ಹಣ ಮರಳಲಿಲ್ಲ. ಆ ಹುಡುಗಿಯ ಮೇಲೆ ನಮಗೆ ಸಿಟ್ಟಿಲ್ಲ. ಅವಳ ಬಾಯಿಂದ ಆ ಮಾತು ಆಡಿಸಿದವರ ಮೇಲಿದೆ.

ಕನ್ನಡ ಕಲಿಸಿದ ಮೇಷ್ಟ್ರು 'ಮೌನಂ ಸಮ್ಮತಿ ಲಕ್ಷಣಂ' ಎನ್ನುತ್ತಿದ್ದರು. ಉರ್ದು ಕಲಿಸಿದ ಉಸ್ತಾದರು 'ಖಾಮೋಶಿ ನೀಮ್ ರಜಾ' ಎನ್ನುತ್ತಿದ್ದರು. ಅಂದರೆ ಮೌನ ಅರ್ಧ ಒಪ್ಪಿಗೆ. ಉರ್ದುವಿನ ಗಾದೆ ಅರ್ಧವನ್ನಾದರೂ ನಮಗೆ ಬಿಟ್ಟಿತ್ತು, ಕಂಪನಿ ಪೂರ್ತಿ ತೆಗೆದುಕೊಂಡಿತು. ಎರಡು ಗಾದೆಗಳೂ ಮಾತು ಕೇಳಿಸಿಕೊಂಡು ಸುಮ್ಮನಿದ್ದವರನ್ನು ಕುರಿತವು. ಪ್ರಶ್ನೆಯೇ ಅರ್ಥವಾಗದವಳ ಮೌನ ಯಾವ ನ್ಯಾಯದಲ್ಲಿ ಸಹಿಯಾಗುತ್ತದೆ?

ಇದು ವ್ಯಾಪಾರದ ಜಾಣತನ, ಇದರಲ್ಲಿ ತಪ್ಪೇನು ಎನ್ನುವವರಿದ್ದಾರೆ. 99 ರೂಪಾಯಿ ದೊಡ್ಡ ಮೊತ್ತವೇ ಎಂದೂ ಕೇಳುತ್ತಾರೆ. ಒಂದು ಮನೆಗೆ ಅಲ್ಲದಿರಬಹುದು. ಒಂದು ಲಕ್ಷ ಮನೆಗಳಿಂದ ಹೀಗೆ ವಸೂಲಾದರೆ ತಿಂಗಳಿಗೆ 99 ಲಕ್ಷ ರೂಪಾಯಿಯಾಗುತ್ತದೆ. ಮೊತ್ತ ಚಿಕ್ಕದಾಗಿದ್ದರೆ ಯಾರೂ ಜಗಳಕ್ಕೆ ಬರುವುದಿಲ್ಲ ಎಂಬುದೇ ಈ ಲೆಕ್ಕಾಚಾರದ ಬಂಡವಾಳ. ಸೇವೆ ಅಷ್ಟು ಒಳ್ಳೆಯದಾಗಿದ್ದರೆ ಬಾಗಿಲು ತಟ್ಟಿ 'ಬೇಕೇ' ಎಂದು ಕೇಳಲಿ. ಕೇಳಿದರೆ ಹೆಚ್ಚಿನವರು ಬೇಡ ಎನ್ನುತ್ತಾರೆ. ಆದ್ದರಿಂದಲೇ ಕೇಳುವುದಿಲ್ಲ.

ಇಂಥ ವ್ಯಾಪಾರ ಇಲ್ಲಿ ಮಾತ್ರ ನಡೆದದ್ದಲ್ಲ. 1995ರ ಜನವರಿಯಲ್ಲಿ ಕೆನಡಾದ ದೊಡ್ಡ ಕೇಬಲ್ ಟಿವಿ ಕಂಪನಿಯೊಂದು ಹೊಸ ಚಾನೆಲ್‌ಗಳನ್ನು ಹೀಗೆಯೇ ಗ್ರಾಹಕರ ತಲೆಗೆ ಕಟ್ಟಿತು. ಬೇಡವಾದವರೇ ತಿಳಿಸಬೇಕಿತ್ತು. ಜನ ರೊಚ್ಚಿಗೆದ್ದರು, ಕಂಪನಿ ಕ್ಷಮೆ ಕೇಳಿ ಹಿಂದೆ ಸರಿಯಿತು. ಗ್ರಾಹಕನ ಪರವಾಗಿ ಮೊದಲೇ ಗುರುತು ಹಾಕಿಟ್ಟ ಚೌಕಗಳ ಮೂಲಕ ಹೆಚ್ಚುವರಿ ಹಣ ಪಡೆಯುವುದನ್ನು ಯುರೋಪಿಯನ್ ಒಕ್ಕೂಟದ 2011ರ ಕಾನೂನು ತಡೆಯಿತು.

ನಮ್ಮಲ್ಲಿಯೂ ನಿಯಮಗಳಿಗೆ ಬರವಿಲ್ಲ. ಮೊಬೈಲಿನ ಕಾಲರ್ ಟ್ಯೂನ್‌ನಂಥ ಸೇವೆಗಳ ಹೆಸರಿನಲ್ಲಿ ಜನರ ಹಣ ಕರಗುತ್ತಿದ್ದಾಗ ಟ್ರಾಯ್ 2011ರಲ್ಲಿ ನಿರ್ದೇಶನ ನೀಡಿತು. 2013ರ ಜುಲೈಯಲ್ಲಿ ಇನ್ನಷ್ಟು ಬಿಗಿಗೊಳಿಸಿ, ಗ್ರಾಹಕನ ಒಪ್ಪಿಗೆಯನ್ನು ಎರಡು ಸಲ ಖಚಿತಪಡಿಸಿಕೊಳ್ಳಬೇಕು ಎಂದಿತು. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಗ್ರಾಹಕನ ಬುಟ್ಟಿಗೆ ಅವನ ಒಪ್ಪಿಗೆಯಿಲ್ಲದೆ ಸರಕು ತುರುಕುವುದು ಅದರಲ್ಲೊಂದು. ಚಂದಾದಾರಿಕೆಯ ಬೋನಿನೊಳಗೆ ಸುಲಭವಾಗಿ ಸೇರಿಸಿ ಹೊರಬರುವ ದಾರಿಯನ್ನು ಕಷ್ಟಗೊಳಿಸುವುದು ಇನ್ನೊಂದು. ವಿಪರ್ಯಾಸವೆಂದರೆ, ನಿಯಮ ಪುಸ್ತಕದಲ್ಲಿರುತ್ತದೆ, 99 ರೂಪಾಯಿ ಬಿಲ್ಲಿನಲ್ಲಿರುತ್ತದೆ.

ತಪ್ಪು ನಮ್ಮದೂ ಇದೆ. 'ಹೋಗಲಿ ಬಿಡಿ' ಎಂಬುದು ನಮ್ಮ ಸೌಜನ್ಯವೆಂದು ಬಗೆದಿದ್ದೇವೆ. ಕಂಪನಿಗಳಿಗೆ ಅದು ಆದಾಯದ ಮೂಲ. ಟೆಲಿಫೋನ್ ಬಿಲ್ಲಿನ ತಕರಾರನ್ನು ಗ್ರಾಹಕ ವೇದಿಕೆಗೆ ಒಯ್ಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿತ್ತು. 1885ರ ಟೆಲಿಗ್ರಾಫ್ ಕಾಯ್ದೆ ಅಡ್ಡ ಬಂದಿತ್ತು. 2022ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ ಆ ಬಾಗಿಲನ್ನು ತೆರೆಯಿತು. ಕೊಂಡ ಸೇವೆಗೆ ತೆತ್ತ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಶುಲ್ಕವಿಲ್ಲ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ದೂರು ಬರೆದುಕೊಳ್ಳುತ್ತದೆ. ಆದರೆ ಇದೆಲ್ಲ ಕಳೆದುಕೊಂಡ ಮೇಲಿನ ಓಡಾಟ. ಓದು ಬಲ್ಲ ಮಗನಿಲ್ಲದ ಮನೆಯ ಮುದುಕಿ ಯಾವ ಆಯೋಗದ ಮೆಟ್ಟಿಲು ಹತ್ತಬೇಕು?

ಆದ್ದರಿಂದ ನಮ್ಮ ಬೇಡಿಕೆ ಒಂದೇ. ಗ್ರಾಹಕ ತನಗೆ ತಿಳಿಯುವ ಭಾಷೆಯಲ್ಲಿ 'ಬೇಕು' ಎನ್ನುವ ತನಕ ಒಂದು ಪೈಸೆಯೂ ಬಿಲ್ಲಿಗೆ ಸೇರಬಾರದು. 'ಹೇಳಿದ್ದಳು' ಎಂದು ರುಜುವಾತುಪಡಿಸುವ ಹೊಣೆ ಹಣ ಪಡೆಯುವವನದ್ದಾಗಬೇಕು, 'ಹೇಳಿರಲಿಲ್ಲ' ಎಂದು ಅಂಗಲಾಚುವ ಕೆಲಸ ಅವಳದ್ದಾಗಬಾರದು. ಇದಾಗುವ ತನಕ, ಈ ತಿಂಗಳ ಬಿಲ್ಲನ್ನು ಓದುಗರು ಒಮ್ಮೆ ಸಾಲು ಸಾಲಾಗಿ ಓದಲಿ. ಪಕ್ಕದ ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ಅವರ ಬಿಲ್ಲನ್ನೂ ಓದಿ ಹೇಳಲಿ.

ವಿಷಯ ತಿಳಿದಾಗ ಅಮ್ಮಿ ಕೇಳಿದ್ದು ಒಂದೇ ಮಾತು: 'ನನ್ನನ್ನು ಯಾರು ಯಾವಾಗ ಕೇಳಿದ್ದರು, ಬೇಟಾ?'