‘ಕುಡೀತಿದ್ದೆ’ ಅನ್ನೋದು ಸಾಕ್ಷಿ. ‘ನಿನ್ನೆನೂ ಕುಡಿದೆ’ ಅನ್ನೋಕೆ ಜಾಗ ಎಲ್ಲಿ?

ಸಭೆಯಲ್ಲಿ ಗಂಡಸರು ಹೇಳುವ ಸಾಕ್ಷಿಗಳನ್ನು ಸ್ವಲ್ಪ ಗಮನಿಸಿ ಕೇಳಿ. ‘ಮೊದಲು ಕುಡೀತಿದ್ದೆ, ದೇವರು ಬಿಡಿಸಿದ.’ ‘ಸಾಲದಾಗ ಮುಳುಗಿದ್ದೆ, ಪಾರಾದೆ.’ ಎಲ್ಲವೂ ಮುಗಿದ ಕಥೆ. ‘ಮೊನ್ನೆ ಮತ್ತೆ ಕುಡಿದೆ, ಹೆಂಡತಿ ತವರಿಗೆ ಹೋಗ್ಯಾಳ, ಏನ್ ಮಾಡ್ಲಿ ತಿಳೀವಲ್ದು’ ಅಂತ ಮೈಕಿನ ಮುಂದೆ ಹೇಳುವ ಗಂಡಸು ಅಪರೂಪ. ಸಭೆ ಮುಗಿದ ಮೇಲೆ ಕೇಳಿದರೂ ಒಂದೇ ಉತ್ತರ: ‘ಆರಾಮ ಇದ್ದೀನ್ರಿ.’

ಮುಗಿಯದ ಕಥೆ ಹೇಳುವುದಕ್ಕೂ ಒಂದು ಜಾಗ ಬೇಕು. ಗಂಡಸರ ಸಣ್ಣ ಪ್ರಾರ್ಥನಾ ಕೂಟ ಆ ಜಾಗ ಆಗಬಲ್ಲದು ಎಂಬುದು ನಮ್ಮ ಅಭಿಪ್ರಾಯ. ಆದರೆ ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕು.

ಇದು ಈಗಿನ ಫ್ಯಾಷನ್ ಅಲ್ಲ. ಕಲಬುರಗಿ, ಬೀದರ್ ಕಡೆ ಮೆಥಡಿಸ್ಟ್ ಸಭೆಗಳು ಬಹಳ. ಆ ಪಂಥಕ್ಕೆ ಕಾರಣರಾದ ಜಾನ್ ವೆಸ್ಲಿ 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜನರನ್ನು ಹನ್ನೆರಡು ಹನ್ನೆರಡು ಮಂದಿಯ ಗುಂಪು ಮಾಡಿದರು. ಮೊದಲ ಉದ್ದೇಶ ಸಭಾಮಂದಿರದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ಎತ್ತುವುದು. ದುಡ್ಡಿಗೆಂದು ಮನೆಮನೆಗೆ ಹೋದವರಿಗೆ ಒಬ್ಬ ಕುಡಿದು ಬಿದ್ದದ್ದು, ಇನ್ನೊಬ್ಬ ಹೆಂಡತಿಯೊಂದಿಗೆ ಜಗಳಾಡುವುದು ಕಣ್ಣಿಗೆ ಬಿತ್ತು. ಮುಂದೆ ಅದೇ ವಾರದ ಕೂಟವಾಯಿತು. ಇದಲ್ಲದೆ ಇನ್ನೂ ಸಣ್ಣ ಗುಂಪುಗಳಿದ್ದವು. ಅಲ್ಲಿ ಗಂಡಸರು ಬೇರೆ, ಹೆಂಗಸರು ಬೇರೆ. ಮದುವೆಯಾದವರು ಬೇರೆ, ಆಗದವರು ಬೇರೆ. ಆ ವಾರ ಎಲ್ಲಿ ಎಡವಿದೆ ಎಂದು ಪ್ರತಿಯೊಬ್ಬರೂ ಹೇಳಬೇಕಿತ್ತು.

ಮಾತಾಡದಿದ್ದರೆ ಏನಾಗುತ್ತದೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1.70 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಗಂಡಸರೇ 1.22 ಲಕ್ಷಕ್ಕೂ ಹೆಚ್ಚು. ದಾಖಲಾದ ಕಾರಣಗಳಲ್ಲಿ ಮೊದಲನೆಯದು ಮನೆಯ ಸಮಸ್ಯೆ. ಇದನ್ನು ಓದಿದ ಮೇಲೂ ‘ಗಂಡಸಿಗೆ ಮಾತೇಕೆ’ ಎನ್ನಲಾಗದು.

ಇನ್ನು ನಮ್ಮ ಊರುಗಳ ಕಷ್ಟ. ಕಲಬುರಗಿಯಂಥ ನಗರದ ಕೂಟದಲ್ಲಿ ಕೂತ ಎಂಟು ಮಂದಿ ಎಂಟು ಓಣಿಯವರಿರಬಹುದು. ಕಮಲಾಪುರದಲ್ಲಿ ಹಾಗಲ್ಲ. ಎದುರಿಗೆ ಕೂತವನು ಹೆಂಡತಿಯ ಅಣ್ಣ, ಪಕ್ಕದವನು ಕೈಸಾಲ ಕೊಟ್ಟವನು. ಅಲ್ಲಿ ಬಾಯಿ ಬಿಟ್ಟರೆ ಮರುದಿನ ಬಸ್ ನಿಲ್ದಾಣದಲ್ಲಿ ಅದೇ ಸುದ್ದಿ. ಅದೂ ಚಾಡಿಯ ಹೆಸರಿನಲ್ಲಿ ಬರುವುದಿಲ್ಲ, ‘ಪ್ರಾರ್ಥನಾ ವಿಷಯ’ ಎಂದು ಬರುತ್ತದೆ: ‘ಇಂಥ ಸಹೋದರನ ಸಂಸಾರಕ್ಕಾಗಿ ಪ್ರಾರ್ಥಿಸಿರಿ.’ ವಾಟ್ಸಾಪ್ ಗುಂಪಿಗೆ ಹಾಕಿದರೆ ಅದು ಡಂಗುರವೇ. ಕ್ಯಾಥೊಲಿಕರ ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಯಾರಿಗೂ ಹೇಳುವಂತಿಲ್ಲ, ಅದು ಚರ್ಚಿನ ಕಾನೂನು. ಸಣ್ಣ ಕೂಟಕ್ಕೆ ಅಂಥ ಕಾನೂನಿಲ್ಲ. ಕೊಟ್ಟ ಮಾತೊಂದೇ ಆಧಾರ.

ಆದ್ದರಿಂದ ಕೂಟ ನಡೆಸುವವರಿಗೆ ನಾಲ್ಕು ಮಾತು.

ಒಂದು, ಅವನನ್ನು ಕೇಳದೆ ಅವನ ವಿಷಯ ಪಾಸ್ಟರ್‌ಗೂ ಬೇಡ, ನಿಮ್ಮ ಹೆಂಡತಿಗೂ ಬೇಡ, ಪ್ರಾರ್ಥನೆಯ ಹೆಸರಿನಲ್ಲೂ ಬೇಡ.

ಎರಡು, ಊರು ಚಿಕ್ಕದಾದರೆ ಕೂಟವೂ ಚಿಕ್ಕದಿರಲಿ. ಇಬ್ಬರೋ ಮೂವರೋ ಸಾಕು. ಯಾರ ಜೊತೆ ಕೂರಬೇಕು ಎಂಬುದನ್ನು ಅವನೇ ಆರಿಸಲಿ. ಬೇಕಿದ್ದರೆ ಬಸ್ ಹತ್ತಿ ಕಲಬುರಗಿಯ ಕೂಟಕ್ಕೇ ಹೋಗಲಿ.

ಮೂರು, ಹೇಳುವವನು ತನ್ನ ತಪ್ಪು ಹೇಳಲಿ. ‘ನನ್ನ ಹೆಂಡತಿ ಹಿಂಗ, ಹಂಗ’ ಎಂದು ಆಕೆಯ ಗುಟ್ಟನ್ನು ಹರಾಜು ಹಾಕುವುದು ಹಂಚಿಕೆಯಲ್ಲ. ಆಕೆ ಅಲ್ಲಿಲ್ಲ, ಉತ್ತರ ಕೊಡಲಾರಳು. ಕೇಳುವವರೂ ತಕ್ಷಣ ಒಂದು ವಚನ ತೆಗೆದು ಬಾಯಿ ಮುಚ್ಚಿಸಬಾರದು. ಸಾಲದ ಮಾತಾದರೆ ಮರುದಿನ ಅವನ ಜೊತೆ ಬ್ಯಾಂಕಿಗೆ ಹೋಗಿ. ಅದೂ ಪ್ರಾರ್ಥನೆಯೇ.

ನಾಲ್ಕು, ಗುಟ್ಟಿಗೂ ಮಿತಿ ಇದೆ. ಹೆಂಡತಿ ಮಕ್ಕಳನ್ನು ಹೊಡೆಯುತ್ತಿದ್ದೇನೆ ಎಂದರೆ ಅದನ್ನು ಮುಚ್ಚಿಡುವುದು ಹೊಡೆತಕ್ಕೆ ಕೈಜೋಡಿಸಿದಂತೆ. ಮಹಿಳಾ ಸಹಾಯವಾಣಿ 181, ಮಕ್ಕಳದ್ದು 1098. ಸಾಯುವ ಮಾತಾಡಿದರೆ ಅವನನ್ನು ಒಬ್ಬನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕ್ರೈಸ್ತರಲ್ಲದ ಓದುಗರಿಗೆ ಇದು ತಮ್ಮ ಮಾತಲ್ಲ ಅನ್ನಿಸಬಹುದು. ಆದರೆ ಹನುಮಪ್ಪನ ಗುಡಿ ಕಟ್ಟೆಯಲ್ಲಿ, ದರ್ಗಾದ ಅಂಗಳದಲ್ಲಿ ಗಂಡಸರು ಗಂಟೆಗಟ್ಟಲೆ ಕೂರುತ್ತಾರೆ. ಮಳೆ, ತೊಗರಿ ರೇಟು, ಎಲೆಕ್ಷನ್ ಎಲ್ಲಾ ಮಾತಾಗುತ್ತದೆ, ಮನೆಯ ಮಾತು ಮಾತ್ರ ಇಲ್ಲ. ಕೂರುವ ಜಾಗ ಎಲ್ಲರಿಗೂ ಇದೆ. ಮುಂದಿನ ಸಲ ಗೆಳೆಯ ‘ಆರಾಮ ಇದ್ದೀನಿ’ ಅಂದಾಗ ಇನ್ನೊಮ್ಮೆ ಕೇಳಿ. ಅವನು ಹೇಳಿದ್ದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.