ಗಾಲಿಯ ಮೇಲಿನ ಮನೆ

ಮನೆಯನ್ನು ಬಿಟ್ಟು ಊರು ಸುತ್ತುವುದು ಒಂದು ಬಗೆ. ಮನೆಯನ್ನೇ ಜೊತೆಯಲ್ಲಿ ಕೊಂಡೊಯ್ದು ಸುತ್ತುವುದು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಪ್ರವಾಸಕ್ಕೆ ಮನಸೋತವರು ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿಯೂ ಕಾಣಸಿಗುತ್ತಾರೆ. ನೆರೆಯ ಕೇರಳ ಸರ್ಕಾರವು 2021ರಲ್ಲಿ ‘ಕ್ಯಾರವಾನ್ ಕೇರಳ’ ಎಂಬ ಯೋಜನೆಯನ್ನೇ ಪ್ರಕಟಿಸಿತು. ಮಲಗಲು ಹಾಸಿಗೆ, ಬೇಯಿಸಲು ಒಲೆ, ಬಟ್ಟೆಬರೆ ಇಡಲು ಕಪಾಟು ಇರುವ ಇಂಥ ವಾಹನಕ್ಕೆ ಕ್ಯಾಂಪರ್ ವ್ಯಾನ್ ಎಂದು ಹೆಸರು. ಅದರೊಳಗೆ ದೊರೆಯುವ ಸ್ಥಳವಾದರೂ ಎಷ್ಟು? ಸಣ್ಣ ವಾಹನದಲ್ಲಿ ಹತ್ತು ಅಡಿ ಉದ್ದ, ಐದು ಅಡಿ ಅಗಲ ದೊರೆತರೆ ಅದೇ ಹೆಚ್ಚು. ಅಷ್ಟರಲ್ಲಿ ಒಂದು ಸಂಸಾರವು ಕೂಡಬೇಕು, ಉಣ್ಣಬೇಕು, ಮಲಗಬೇಕು. ಆದಕಾರಣ ಒಂದೇ ವಸ್ತುವು ಹಲವು ಕೆಲಸಕ್ಕೆ ಒದಗಬೇಕೆಂಬ ಮಾತು ಹುಟ್ಟಿಕೊಂಡಿತು. ಈ ವಿದ್ಯೆ ಪರದೇಶದಿಂದ ಬಂದುದೆಂದು ಭಾವಿಸುವವರು ಬಹುಮಂದಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯ ಬದುಕನ್ನು ಕಂಡವರು ಹಾಗೆ ಭಾವಿಸಲಾರರು.

ಈ ಸೀಮೆಯಲ್ಲಿ ವರ್ಷದ ಅರ್ಧಭಾಗ ಊರೂರು ತಿರುಗುವ ಒಂದು ಸಂಸಾರವೇ ಇದೆ. ಅದು ಯಕ್ಷಗಾನ ಮೇಳ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದ ಮೇಳ, ಮೂಡುಬಿದಿರೆಗೆ ದೂರವಲ್ಲದ ಕಟೀಲಿನ ಮೇಳಗಳು ಮಳೆಗಾಲ ಕಳೆದ ಮೇಲೆ ತಿರುಗಾಟಕ್ಕೆ ಹೊರಟು, ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯವರೆಗೆ ಸಂಚರಿಸುತ್ತವೆ. ಇಂದು ಒಂದು ಊರಿನ ಗದ್ದೆ, ನಾಳೆ ಇನ್ನೊಂದು ಊರಿನ ಶಾಲೆಯ ಬಯಲು. ಕಿರೀಟ, ಭುಜಕೀರ್ತಿ, ಎದೆಪದಕ, ಗೆಜ್ಜೆ, ಸೀರೆ, ಬಣ್ಣದ ಬಟ್ಟಲು ಎಲ್ಲವೂ ಪೆಟ್ಟಿಗೆಗಳೊಳಗೆ ಅಡಗಿ ಪಯಣಿಸುತ್ತವೆ. ಲಾರಿಗಳು ಬರುವುದಕ್ಕೆ ಮುಂಚೆ ಈ ಪೆಟ್ಟಿಗೆಗಳನ್ನು ಆಳುಗಳು ತಲೆಯ ಮೇಲೆ ಹೊತ್ತು ಗುಡ್ಡ ಏರಿ, ತೋಡು ದಾಟಿ ಸಾಗಿಸುತ್ತಿದ್ದರು. ಆದ್ದರಿಂದ ಪೆಟ್ಟಿಗೆಯ ಅಳತೆಯನ್ನು ನಿರ್ಧರಿಸಿದುದು ಹೊರುವವನ ಶಕ್ತಿಯೇ ಹೊರತು ಮಾಡಿಸುವವನ ಆಸೆಯಲ್ಲ. ಚೌಕಿಯಲ್ಲಿ ಇಳಿಸಿದೊಡನೆ ಆ ಪೆಟ್ಟಿಗೆ ಬೇರೊಂದು ಅವತಾರ ತಾಳುತ್ತದೆ. ಮುಚ್ಚಳದ ಮೇಲೆ ಕನ್ನಡಿ ನಿಲ್ಲುತ್ತದೆ, ಬಣ್ಣಗಳು ಸಾಲಾಗುತ್ತವೆ. ವೇಷ ಮುಗಿಸಿ ಬಂದವನಿಗೆ ಅದೇ ಆಸನ, ಕೆಲವೊಮ್ಮೆ ಅದೇ ಮಂಚ. ರಂಗಸ್ಥಳವೂ ಹಾಗೆಯೇ. ಸಂಜೆ ಕೂಡಿಸಿದ ಕಂಬ, ತೊಲೆ, ಹಲಗೆಗಳು ಆಟ ಮುಗಿದೊಡನೆ ಬಿಚ್ಚಿಕೊಂಡು ಲಾರಿ ಏರುತ್ತವೆ. ಇದನ್ನು ಯಾರೂ ವಿನ್ಯಾಸಶಾಸ್ತ್ರವೆಂದು ಕರೆಯಲಿಲ್ಲ. ಕರೆಯದಿದ್ದರೂ ಶಾಸ್ತ್ರ ಅಲ್ಲಿತ್ತು.

ಮನೆಯೊಳಗೆ ಬಂದರೆ ಹೆರೆಮಣೆ ಇದೆ. ಕೂಡುವವನ ಭಾರವೇ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ತೆಂಗಿನಕಾಯಿ ತುರಿಯುವ ಅಲಗನ್ನು ಮಡಚಿಟ್ಟರೆ ಉಳಿಯುವುದು ಬರಿಯ ಮಣೆ. ಅಕ್ಕಿ, ಭತ್ತ ತುಂಬಿದ ದೊಡ್ಡ ಪತ್ತಾಯದ ಮೇಲೆಯೇ ಚಾಪೆ ಹಾಸಿ ಮಲಗುತ್ತಿದ್ದ ಯಜಮಾನರ ಕಾಲವೂ ಇತ್ತು. ಅದು ಕಣಜವೂ ಹೌದು, ಮಂಚವೂ ಹೌದು, ಕಾವಲೂ ಹೌದು. ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿ ಬೆಳೆಸಿದ ತುಳು ಬದುಕು ವಸ್ತುಸಂಗ್ರಹಾಲಯಕ್ಕೆ ಹೋದವರು ಹಿಂದಿನವರ ಗೃಹೋಪಕರಣಗಳನ್ನು ಕಣ್ಣಾರೆ ನೋಡಬಹುದು. ಇನ್ನು, ಧವಳಾ ಗ್ರಂಥಗಳ ತಾಳೆಯೋಲೆಗಳನ್ನು ಕಾಪಾಡಿದ ಮೂಡುಬಿದಿರೆಯಂಥ ಊರಿನಲ್ಲಿ ವ್ಯಾಸಪೀಠವನ್ನು ನೆನೆಯದಿರುವುದು ಹೇಗೆ? ಒಂದೇ ಹಲಗೆಯನ್ನು ಸೀಳಿ, ನಡುವೆ ಬೆರಳಿಗೆ ಬೆರಳು ಹೆಣೆದಂತೆ ಕೊರೆದು, ಮೊಳೆಯಿಲ್ಲದೆ ಬಿಜಾಗರಿಯಿಲ್ಲದೆ ತೆರೆಯುವಂತೆ ಮಾಡಿದ ಪೀಠವದು. ಬಿಡಿಸಿದರೆ ಗ್ರಂಥವನ್ನು ಹೊರುತ್ತದೆ. ಮಡಚಿದರೆ ಬರಿಯ ಹಲಗೆಯಾಗಿ ಗೋಡೆಗೆ ಒರಗುತ್ತದೆ.

ವಿದ್ಯಾರ್ಥಿಗಳು ನಿತ್ಯ ಕಾಣುವ ಉದಾಹರಣೆ ರೈಲಿನದು. ಬಂಟ್ವಾಳದ ಮೂಲಕ ಬೆಂಗಳೂರಿಗೆ ಹೋಗುವ ಹಾದಿಯಲ್ಲಿ ಸ್ಲೀಪರ್ ಡಬ್ಬಿಯನ್ನು ಏರಿದವರಿಗೆ ನಡುವಿನ ಬರ್ತಿನ ಪರಿಚಯವಿರುತ್ತದೆ. ಹಗಲಿನಲ್ಲಿ ಅದು ಬೆನ್ನಿಗೆ ಒರಗು. ರಾತ್ರಿ ಎತ್ತಿ ಸರಪಳಿಗೆ ಸಿಕ್ಕಿಸಿದರೆ ಮಂಚ. ಹಳೆಯ ಮಾದರಿಯ ಡಬ್ಬಿಯೊಂದರಲ್ಲಿ 72 ಮಂದಿ ಮಲಗುವುದು ಈ ಉಪಾಯದಿಂದಲೇ. ಆದರೆ ನಡುವಿನವನು ಮಲಗಿದರೆ ಕೆಳಗಿನವನು ತಲೆಯೆತ್ತಿ ಕೂಡಲಾರ. ಅದಕ್ಕಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಮಲಗಬೇಕೆಂದು ರೈಲ್ವೆಯವರು ನಿಯಮ ಮಾಡಬೇಕಾಯಿತು. ಹಲವು ಕೆಲಸಕ್ಕೆ ಒದಗುವ ವಸ್ತುವು ಬಳಸುವವರಲ್ಲಿಯೂ ಒಂದು ಒಪ್ಪಂದವನ್ನು ಬೇಡುತ್ತದೆ. ಊಟದ ಮೇಜೇ ಹಾಸಿಗೆಯಾಗುವ ವಾಹನದಲ್ಲಿ ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ನಿದ್ರೆ ಬಂದರೆ ಬಡಗಿಯ ಜಾಣ್ಮೆ ಏನೂ ಮಾಡಲಾರದು.

ಪರದೇಶದವರೂ ಮೊದಲು ಹಿಡಿದುದು ಪೆಟ್ಟಿಗೆಯ ದಾರಿಯನ್ನೇ ಎಂಬುದು ಸ್ವಾರಸ್ಯದ ಸಂಗತಿ. ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯು 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿಗಾಗಿ ‘ಕ್ಯಾಂಪಿಂಗ್ ಬಾಕ್ಸ್’ ಎಂಬುದನ್ನು ಸಿದ್ಧಪಡಿಸಿತು. ವಾರವೆಲ್ಲ ಸರಕು ಹೊತ್ತ ವಾಹನಕ್ಕೆ ರಜೆಯ ದಿನ ಅದನ್ನು ಇಟ್ಟರೆ ಆಸನವೂ ಹಾಸಿಗೆಯೂ ದೊರೆಯುತ್ತಿದ್ದವು. ರಜೆ ಮುಗಿದ ಮೇಲೆ ಹೊರತೆಗೆದರೆ ವಾಹನ ಮತ್ತೆ ದುಡಿಮೆಗೆ ಸಿದ್ಧ. ವಾಹನಕ್ಕೇ ಎರಡು ಬಾಳು ಕೊಟ್ಟ ಈ ಸರಳ ಉಪಾಯಕ್ಕಿಂತ ಇಂದಿನ ಆಡಂಬರದ ಕಪಾಟುಗಳು ಮೇಲೆಂದು ಹೇಳುವುದು ಕಷ್ಟ.

ಇಂದು ನಡೆಯುತ್ತಿರುವ ತಪ್ಪೆಂದರೆ ಮನೆಯ ಸಾಮಾನನ್ನೇ ಕುಗ್ಗಿಸಿ ವಾಹನದೊಳಗೆ ತುರುಕುವುದು. ಒಂದು ಪೀಠವು ಏಳು ಕೆಲಸ ಮಾಡುತ್ತದೆಂಬ ಹೆಗ್ಗಳಿಕೆಗೆ ಮರುಳಾಗಬಾರದು. ಎರಡು ಕೆಲಸವನ್ನು ಚೆನ್ನಾಗಿ ಮಾಡುವ ಪೆಟ್ಟಿಗೆ ಏಳನ್ನು ಅರೆಬರೆ ಮಾಡುವ ಯಂತ್ರಕ್ಕಿಂತ ಲೇಸು. ಒಬ್ಬನೇ, ಕತ್ತಲೆಯಲ್ಲಿ, ದಣಿದ ಕೈಗಳಿಂದ ಅದನ್ನು ಬಿಡಿಸಬಲ್ಲನೇ ಎಂದು ಕೇಳಬೇಕು. ತೂಕವನ್ನೂ ಕೇಳಬೇಕು. ಎಂಟಡಿ ಉದ್ದ, ನಾಲ್ಕಡಿ ಅಗಲ, 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆಯೊಂದು ಸುಮಾರು 30 ಕಿಲೋಗ್ರಾಂಗೂ ಹೆಚ್ಚು ತೂಗುತ್ತದೆ. 9 ಮಿಲಿಮೀಟರಿನದು ಅದರ ಅರ್ಧ. 50 ಲೀಟರ್ ನೀರು ತುಂಬಿದರೆ ಇನ್ನೊಂದು 50 ಕಿಲೋಗ್ರಾಂ. ಭಾರವೆಲ್ಲ ಒಂದೇ ಮಗ್ಗುಲಿಗೆ ಬಿದ್ದರೆ, ಇಲ್ಲವೆ ಮೇಲಿನ ಕಪಾಟಿಗೆ ಏರಿದರೆ, ತಿರುವಿನಲ್ಲಿ ವಾಹನ ವಾಲುತ್ತದೆ. ಹಲಸು, ಹೆಬ್ಬಲಸುಗಳು ಉತ್ತಮ ಮರಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನ್ನು ಭಾರ ಹೊರುವ ಚೌಕಟ್ಟಿಗಷ್ಟೇ ಬಳಸಿ, ಉಳಿದುದಕ್ಕೆ ತೆಳುಹಲಗೆಯನ್ನೂ ಬೆತ್ತದ ಹೆಣಿಗೆಯನ್ನೂ ಬಳಸುವುದು ವಿವೇಕ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಗಾಳಿಯಾಡದ ಪೆಟ್ಟಿಗೆಯೊಳಗಿನ ಹಾಸಿಗೆಗೆ ಬೂಸಲು ಹಿಡಿಯಲು ಬಹಳ ದಿನ ಬೇಕಿಲ್ಲ. ಹಾಸಿಗೆಯ ಕೆಳಗೆ ಇಡಿಯ ಹಲಗೆಯ ಬದಲು ಸಂದು ಬಿಟ್ಟು ಜೋಡಿಸಿದ ಪಟ್ಟಿಗಳೇ ಇರಬೇಕು. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇಲ್ಲದಿದ್ದರೆ ಮಿಕ್ಕ ಸೊಬಗೆಲ್ಲ ವ್ಯರ್ಥ.

ಇದೆಲ್ಲ ಉಳ್ಳವರ ಆಟವೆಂದು ಮೂಗು ಮುರಿಯುವವರುಂಟು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಹಳ್ಳಿಗೆ ಬರುವ ಸಂಚಾರಿ ಚಿಕಿತ್ಸಾಲಯಕ್ಕೂ, ಸಂಚಾರಿ ಗ್ರಂಥಾಲಯಕ್ಕೂ ಬೇಕಾದುದು ಇದೇ ವಿದ್ಯೆ. ಕಾರ್ಖಾನೆಯ ಸಿದ್ಧ ಪೀಠೋಪಕರಣಗಳು ಪೇಟೆ ತುಂಬಿದ ಮೇಲೆ ಊರಿನ ಆಚಾರಿಗಳಿಗೆ ಕೆಲಸ ಕಡಿಮೆಯಾಗಿದೆ. ಪ್ರತಿಯೊಂದು ವಾಹನದ ಗೋಡೆಯ ಬಾಗು ಬೇರೆ, ಚಕ್ರದ ಉಬ್ಬು ಬೇರೆ. ಅಲ್ಲಿಗೆ ಅಳತೆ ಹಿಡಿದು, ಹಲಗೆ ಕೊರೆದು ಕೂಡಿಸಲು ಕಾರ್ಖಾನೆಯ ಅಚ್ಚಿಗಿಂತ ಆಚಾರಿಯ ಕೈಯೇ ಬೇಕು. ಹೀಗಿರುವಾಗ ಈ ಕೆಲಸವು ದೂರದ ನಗರಗಳ ಪಾಲಾಗುವುದಕ್ಕೆ ಕಾರಣವೇ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ವಾಹನದ ಮೂಲ ರಚನೆಯನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಕಟ್ಟುಪಾಡುಗಳಿವೆ. ಅವನ್ನು ತಿಳಿಯದೆ ಗರಗಸ ಹಿಡಿಯಬಾರದು. ಓಡುವಾಗ ಜನ ಕೂಡುವ ಆಸನಕ್ಕೆ ಸೊಂಟಪಟ್ಟಿ ಇರಬೇಕು. ಪ್ರತಿಯೊಂದು ಪೆಟ್ಟಿಗೆಯೂ ವಾಹನದ ಚೌಕಟ್ಟಿಗೆ ಬೋಲ್ಟಿನಿಂದ ಬಿಗಿದಿರಬೇಕು. ಸೆಳೆಖಾನೆಗಳು ಎತ್ತಿದರೆ ಮಾತ್ರ ತೆರೆಯುವಂತಿರಬೇಕು. ಕೆಲಸ ಮುಗಿಯಿತೆಂದು ಬಂಟ್ವಾಳದ ಆಚಾರಿ ಹೇಳಿದ ದಿನ ಪಾತ್ರೆಪಗಡಿ ತುಂಬಿ, ಬೆಳ್ತಂಗಡಿ, ಉಜಿರೆಗಳನ್ನು ದಾಟಿ, ಚಾರ್ಮಾಡಿ ಘಾಟಿಯ ತಿರುವುಗಳನ್ನು ನಿಧಾನವಾಗಿ ಏರಬೇಕು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, ಯಾವುದು ಜರುಗಿದೆ, ಯಾವುದು ಸಡಿಲವಾಗಿದೆ, ಯಾವ ಚಿಲಕ ತಾನಾಗಿ ಬಿಚ್ಚಿಕೊಂಡಿದೆ ಎಂದು ಆಚಾರಿಯೇ ನೋಡಲಿ. ಬಣ್ಣ ಬಳಿಯುವುದು ಆಮೇಲೆ.